ಒಂದೇ ರಾತ್ರಿಗೆ 40 ಕಂಪ್ಯೂಟರ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದ್ದು 2025ರ ಅಕ್ಟೋಬರ್ 14ಕ್ಕೆ. ಅದಕ್ಕೂ ಮುಂಚೆ ನಮ್ಮ ಆಫೀಸಿನ 40 ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕೋ ಕೆಲಸ ನನ್ನ ಮೇಲೆ ಬಿತ್ತು. ಪೆನ್‌ಡ್ರೈವ್ ಹಿಡ್ಕೊಂಡು ಒಂದೊಂದೇ ಟೇಬಲ್ ಸುತ್ತಿದ್ರೆ ವಾರ ಹಿಡಿಯುತ್ತೆ. ಅದಕ್ಕೆ ಪಿಎಕ್ಸ್‌ಇ ಬೂಟ್ ಬಳಸಿದೆ.

ಏನಿದು? ಕಂಪ್ಯೂಟರ್ ಆನ್ ಆದಾಗ ತನ್ನ ಡಿಸ್ಕ್ ನೋಡೋ ಬದಲು, 'ನಂಗೊಂದು ಐಪಿ ವಿಳಾಸ ಕೊಡಿ, ಬೂಟ್ ಫೈಲ್ ಎಲ್ಲಿದೆ ಹೇಳಿ' ಅಂತ ನೆಟ್‌ವರ್ಕ್‌ನಲ್ಲಿ ಕೇಳುತ್ತೆ. ಡಿಎಚ್‌ಸಿಪಿ ಸರ್ವರ್ ಉತ್ತರ ಕೊಡುತ್ತೆ. ಟಿಎಫ್‌ಟಿಪಿ ಮೂಲಕ ಪುಟ್ಟದೊಂದು ಬೂಟ್ ಫೈಲ್ ಬರುತ್ತೆ, ಅದರ ಹಿಂದೆ ಇನ್‌ಸ್ಟಾಲರ್. ವೇಕ್ ಆನ್ ಲ್ಯಾನ್ ಆನ್ ಮಾಡಿಟ್ಟಿದ್ರೆ, ಆಫ್ ಆಗಿರೋ ಮಷೀನನ್ನೂ ಕೂತಲ್ಲಿಂದಲೇ ಎಬ್ಬಿಸಬಹುದು.

ಶನಿವಾರ ರಾತ್ರಿ ಶುರು ಮಾಡಿದೆ, ಭಾನುವಾರ ಬೆಳಿಗ್ಗೆಗೆ ನಲವತ್ತೂ ರೆಡಿ. ಖುಷಿಯೋ ಖುಷಿ!

ಸೋಮವಾರ ಅಕೌಂಟ್ಸ್ ಮೇಡಂ ಬಂದು, 'ಏನಪ್ಪಾ, ನನ್ನ ಬಿಲ್ ಎಂಟ್ರಿ ಎಲ್ಲಾ ಎಲ್ಲಿ?' ಅಂದ್ರು. ಫೈಲ್‌ಗಳನ್ನ ಸರ್ವರ್‌ಗೆ ಹಾಕಿ ಅಂತ ಎಲ್ರಿಗೂ ಮೇಲ್ ಕಳ್ಸಿದ್ದೆ. ಅವರು ಆ ವಾರ ರಜೆಯಲ್ಲಿದ್ರು, ನೋಡೇ ಇರ್ಲಿಲ್ಲ. ನನ್ನ ಇನ್‌ಸ್ಟಾಲರ್ ಯಾರನ್ನೂ ಕೇಳದೆ ಡಿಸ್ಕ್ ಅಳಿಸಿತ್ತು. ಎರಡು ತಿಂಗಳ ಎಂಟ್ರಿ ಹೋಯ್ತು. ಅವರು ಬಯ್ಯಲಿಲ್ಲ, ಬಿಲ್ ಕಟ್ಟು ತಂದು ಮತ್ತೆ ಮೊದಲಿಂದ ಶುರು ಮಾಡಿದ್ರು. ನಾನೂ ಪಕ್ಕದಲ್ಲಿ ಕೂತು ಟೈಪ್ ಮಾಡಿದೆ.

ಈಗ ಎರಡು ಮಷೀನ್‌ನಲ್ಲಿ ಮೊದಲು ಪರೀಕ್ಷೆ ಮಾಡ್ತೀನಿ. ಬ್ಯಾಕಪ್ ತೆರೆದು ನೋಡಿದ ಮೇಲೇ ಆ ಮಷೀನಿನ ಮ್ಯಾಕ್ ವಿಳಾಸ ಪಟ್ಟಿಗೆ ಸೇರುತ್ತೆ. ಪಟ್ಟಿಯಲ್ಲಿ ಇಲ್ಲದಿದ್ರೆ ಸರ್ವರ್ ಉತ್ತರವೇ ಕೊಡಲ್ಲ. ಮೇಲ್‌ಗೆ ಉತ್ತರ ಬರದಿದ್ರೆ ಫೋನ್ ಮಾಡ್ತೀನಿ. ನೀವೂ ಮಾಡಿ. ಮುಂದಿನ ವಾರ ಸಿಗೋಣ.