ಶನಿವಾರದ ಅಕ್ಕ



ಒಂದು ಗಂಟೆ ಮೊದಲೇ ಬಂದು, ದೆಹಲಿಯ ಬಸ್ತಿಗಳ, ಅಂದರೆ ಕೊಳೆಗೇರಿಗಳ, ಮಕ್ಕಳ ಈ ಕಲಿಕಾ ಪ್ರದರ್ಶನವನ್ನು ಒಬ್ಬಳೇ ಸುತ್ತಿ ನೋಡಿದೆ. ಹತ್ತತ್ತರ ಕಟ್ಟು ಮಾಡಿದ ಬೆಂಕಿಕಡ್ಡಿಗಳು, ಸೂಜಿ ದಾರದಲ್ಲಿ ಹೊಲಿದ ಪುಟ್ಟ ಪುಸ್ತಕಗಳು, ಹಳೆಯ ಪೇಪರಿನ ಮೇಲೆ ಬಿಡಿಸಿದ ಗಲ್ಲಿಗಳ ನಕ್ಷೆ. ಒಂದು ನಕ್ಷೆಯಲ್ಲಿ ನೀರಿನ ಟ್ಯಾಂಕರ್ ಬಂದು ನಿಲ್ಲುವ ಜಾಗ ಎಲ್ಲ ಮನೆಗಳಿಗಿಂತ ದೊಡ್ಡದಾಗಿದೆ. ಅದರ ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಒಂದು ವೃತ್ತ, ಅದರೊಳಗೆ ‘ದೀದಿ’ ಎಂಬ ಒಂದೇ ಪದ. ಶನಿವಾರ ಬಸ್ತಿಗೆ ಬರುವ ದೀದಿ ಕೂತು ಪಾಠ ಹೇಳುವ ಜಾಗವಂತೆ ಅದು.

ಈ ಊರಿನ ಮಕ್ಕಳು ದೀದಿ ಅನ್ನುತ್ತಾರೆ, ಕನ್ನಡಿಗರಾದ ನಾವು ಅಕ್ಕ ಅನ್ನುತ್ತೇವೆ. ಮೇಡಂ ವರ್ಗವಾಗಿ ಹೋದರೆ ಇನ್ನೊಬ್ಬರು ಮೇಡಂ ಬರುತ್ತಾರೆ, ಪಾಠ ಮುಂದುವರಿಯುತ್ತದೆ. ಅಕ್ಕ ಬಾರದ ದಿನ ಮಗು ಗಲ್ಲಿಯ ತುದಿಗೆ ಬಂದು ದಾರಿ ನೋಡುತ್ತದೆ. ಹಾಗೆ ದಾರಿ ನೋಡುವ ಮಗುವಿನ ಬಗ್ಗೆಯೇ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲನೆಯ ಸಂಗತಿ ದೆಹಲಿಯದೇ. 1969, ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ. ರಾಜಘಾಟ್ ಬಳಿ ಶತಾಬ್ದಿ ಪ್ರದರ್ಶನಕ್ಕಾಗಿ ಕಟ್ಟಡಗಳು ಏಳುತ್ತಿದ್ದವು. ಕಲ್ಲು ಮಣ್ಣು ಹೊರುವ ತಾಯಂದಿರ ಕೂಸುಗಳು ಅಲ್ಲೇ ಧೂಳಿನಲ್ಲಿ ಮಲಗಿರುವುದನ್ನು ಮೀರಾ ಮಹಾದೇವನ್ ಕಂಡರು. ಅಲ್ಲೇ ಒಂದು ಡೇರೆ ಎದ್ದಿತು. ಕೂಲಿಯವರ ಕೂಸುಗಳನ್ನು ನೋಡಿಕೊಳ್ಳುವ ಮೊಬೈಲ್ ಕ್ರೆಶಸ್ ಸಂಸ್ಥೆ ಹುಟ್ಟಿದ್ದು ಆ ಡೇರೆಯಲ್ಲಿ. ಕೂಸು ನೋಡಿಕೊಳ್ಳುವುದಕ್ಕೂ ಶಾಲೆಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ಅಮ್ಮ ಬುಟ್ಟಿ ಹೊತ್ತಾಗ ಕೂಸನ್ನು ಸೊಂಟದ ಮೇಲೆ ಹೊರುವವಳು ಏಳೆಂಟು ವರ್ಷದ ಅಕ್ಕ. ಕೂಸಿಗೊಂದು ನೆರಳು ಸಿಕ್ಕಿದ ದಿನ ಅವಳ ಸೊಂಟ ಹಗುರಾಗುತ್ತದೆ, ಕೈಗೆ ಸ್ಲೇಟು ಬರುತ್ತದೆ. ಕಟ್ಟಡ ಮುಗಿದರೆ ಕೂಲಿಯವರು ಇನ್ನೊಂದು ಕಟ್ಟಡಕ್ಕೆ ಹೋಗುತ್ತಾರೆ. ಶಿಶುಧಾಮವೂ ಅವರ ಹಿಂದೆ ಹೊರಡಬೇಕು ಎಂಬುದು ‘ಮೊಬೈಲ್’ ಎಂಬ ಆ ಹೆಸರಿನಲ್ಲೇ ಇದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಧಾಮ ಇರಲೇಬೇಕು ಎಂದು ವಿಧಿಸಿತು. ನಲವತ್ತು ಜನ ಹೆಂಗಸರಿದ್ದರೆ? ಆ ಮಕ್ಕಳನ್ನು ಕಾಯ್ದೆ ಕೈಬಿಟ್ಟಿತು. ಗುರುಗ್ರಾಮದಲ್ಲೋ ನೋಯ್ಡಾದಲ್ಲೋ ಎತ್ತರದ ಮನೆ ಕೊಂಡಿರುವ ನಾವು ಆ ನಲವತ್ತರ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ಸಂಗತಿ ದೆಹಲಿಯ ಆಚೆಯದು. ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಪ್ರಥಮ್ ಸಂಸ್ಥೆ ಮುಂಬಯಿ ಮತ್ತು ವಡೋದರದ ಶಾಲೆಗಳಲ್ಲಿ ‘ಬಾಲಸಖಿ’ಯರನ್ನು ನೇಮಿಸಿತು. ಹೆಚ್ಚಿನವರು ಅದೇ ಬಸ್ತಿಯ ಹುಡುಗಿಯರು, ಪ್ರೌಢಶಾಲೆ ಮುಗಿಸಿದವರು, ಸುಮಾರು ಎರಡು ವಾರ ತರಬೇತಿ ಪಡೆದವರು. ಮೂರು ನಾಲ್ಕನೆಯ ತರಗತಿಯಲ್ಲಿ ಹಿಂದುಳಿದ 15-20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಓದು, ಲೆಕ್ಕ ಹೇಳಿಕೊಡುವುದು ಅವರ ಕೆಲಸ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಇದನ್ನು ಅಳೆದು ನೋಡಿ 2007ರಲ್ಲಿ ಪ್ರಕಟಿಸಿದರು. ಎರಡು ಊರುಗಳಲ್ಲೂ ಮಕ್ಕಳ ಕಲಿಕೆ ಏರಿತ್ತು. ಎಲ್ಲರಿಗಿಂತ ಹಿಂದಿದ್ದ ಮಕ್ಕಳೇ ಹೆಚ್ಚು ಗಳಿಸಿದ್ದರು. ಬ್ಯಾನರ್ಜಿ ಮತ್ತು ಡುಫ್ಲೋ ಅವರಿಗೆ 2019ರಲ್ಲಿ ನೊಬೆಲ್ ಬಂದಿತು. ಬಾಲಸಖಿಗೆ ಆಗ ಸಿಗುತ್ತಿದ್ದದ್ದು ತಿಂಗಳಿಗೆ 500ರಿಂದ 750 ರೂಪಾಯಿ.

ನನ್ನನ್ನು ಬಹಳ ದಿನ ಕಾಡಿದ ಅಂಕಿ ಈ ಕೊನೆಯದು. ಹೆಣ್ಣುಮಗಳು ಮಾಡುವ ಕೆಲಸಕ್ಕೆ ಸೇವೆ ಎಂದು ಹೆಸರಿಟ್ಟ ಕೂಡಲೇ ಅದರ ಕೂಲಿ ಇಳಿದುಬಿಡುತ್ತದೆ. ಮುಂದಿನ ಶನಿವಾರವೂ ಅಕ್ಕ ಬರಬೇಕೆಂದಿದ್ದರೆ ಅವಳ ಬಸ್ ಖರ್ಚು, ಮಧ್ಯಾಹ್ನದ ಊಟ, ಸಂಜೆ ಕತ್ತಲಾಗುವ ಮೊದಲು ಮನೆ ಸೇರುವ ದಾರಿ, ಇವಿಷ್ಟನ್ನೂ ಯಾರಾದರೂ ಯೋಚಿಸಬೇಕು. 2019ರ ಅಕ್ಟೋಬರಿನಲ್ಲಿ ದೆಹಲಿಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಗುಲಾಬಿ ಬಣ್ಣದ ಉಚಿತ ಟಿಕೆಟ್ ಬಂದಾಗ ಕೆಲವರು ಮೂಗು ಮುರಿದರು. ಅಪ್ಪನ ಹತ್ತಿರ ದುಡ್ಡು ಕೇಳದೆ ಮನೆಯಿಂದ ಹೊರಡುವುದು ಎಂದರೇನು ಎಂದು ಹತ್ತೊಂಬತ್ತರ ಹುಡುಗಿಯನ್ನು ಕೇಳಿ ನೋಡಿ.

ಅಕ್ಕ ಬಂದರಷ್ಟೇ ಸಾಲದು, ಮಗುವೂ ಅಲ್ಲೇ ಇರಬೇಕು. ಯಮುನೆಯ ದಡದ ನಂಗ್ಲಾ ಮಾಂಚಿಯಲ್ಲಿ ಅಂಕುರ್ ಮತ್ತು ಸರಾಯ್ ಸಂಸ್ಥೆಗಳು ಸೈಬರ್‌ಮೊಹಲ್ಲಾ ಎಂಬ ಪ್ರಯೋಗಶಾಲೆ ನಡೆಸುತ್ತಿದ್ದವು. ಬಸ್ತಿಯ ಹುಡುಗ ಹುಡುಗಿಯರು ಅಲ್ಲಿ ಕೂತು ತಮ್ಮ ಗಲ್ಲಿಯ ಕಥೆ ಬರೆಯುತ್ತಿದ್ದರು. 2006ರಲ್ಲಿ ಬುಲ್ಡೋಜರ್ ಬಂದು ನಂಗ್ಲಾ ನೆಲಸಮವಾಯಿತು. ದಾಖಲೆ ತೋರಿಸಲು ಸಾಧ್ಯವಾದ ಕುಟುಂಬಗಳು ನಗರದ ಪಶ್ಚಿಮದ ಅಂಚಿನ ಸಾವ್ದಾ ಘೇವ್ರಾಕ್ಕೆ ಹೋದವು. ನಂಗ್ಲಾದ ಮತ್ತು ಇತರ ಬಸ್ತಿಗಳ ತರುಣರು ಬರೆದದ್ದು ಮರುವರ್ಷ ‘ಬಹುರೂಪಿಯಾ ಶಹರ್’ ಎಂಬ ಪುಸ್ತಕವಾಯಿತು. ಮನೆ ಕೆಡವಿದಾಗ ಶಾಲೆಯ ವರ್ಷವೂ ಅದರ ಜೊತೆ ಮುರಿಯುತ್ತದೆ. ಆರರಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ ಶಿಕ್ಷಣದ ಹಕ್ಕು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೂ ಹೊಸ ಜಾಗದಲ್ಲಿ ಮಗುವಿನ ಕೈಹಿಡಿದು ಶಾಲೆಯ ಬಾಗಿಲ ತನಕ ಹೋಗಲು, ಅರ್ಜಿ ತುಂಬಲು ಯಾರೋ ಒಬ್ಬರು ಬೇಕು. ಅನೇಕ ಸಲ ಆ ಒಬ್ಬರು ಪಕ್ಕದ ಸಾಲಿನ ಮನೆಯ, ಹತ್ತನೆಯ ತರಗತಿ ಪಾಸಾದ ಹುಡುಗಿ.

ನಮ್ಮ ಕನ್ನಡದ ಹುಡುಗಿಯರಿಗೆ ಬಸ್ತಿಯ ಮಕ್ಕಳಿಗೆ ಕಲಿಸುವ ಈ ಕೆಲಸದಲ್ಲಿ ಒಂದು ವಿಶೇಷ ಅರ್ಹತೆ ಇದೆ ಎಂದು ನನಗೆ ಅನ್ನಿಸಿದೆ. ನಮ್ಮ ಭಾಷೆಯಲ್ಲಿ ರೊಟ್ಟಿಗೂ ಅನ್ನಕ್ಕೂ ಹೆಣ್ಣು ಗಂಡೆಂಬ ಭೇದವಿಲ್ಲ, ಎರಡೂ ‘ಅದು’. ಹಿಂದಿಯಲ್ಲಿ ರೋಟಿ ಹೆಣ್ಣು, ಚಾವಲ್ ಗಂಡು. ನಮ್ಮ ಹುಡುಗಿ ತಪ್ಪಿದಾಗ ಮಕ್ಕಳು ತಿದ್ದುತ್ತಾರೆ. ಪಾಠ ಕಲಿಯಲು ಬಂದ ಮಗುವಿಗೆ ಒಂದು ಕ್ಷಣ ಕಲಿಸುವ ಪಾಲು ಸಿಗುತ್ತದೆ. ಮನೆಯಲ್ಲಿ ಭೋಜಪುರಿಯೋ ಮೈಥಿಲಿಯೋ ಬಂಗಾಳಿಯೋ ಆಡಿ, ಪಠ್ಯಪುಸ್ತಕದ ಹಿಂದಿಯ ಮುಂದೆ ತಡವರಿಸುವ ಮಗುವಿನ ಸಂಕಟ ಹಾಸನದಿಂದಲೋ ಕಲಬುರಗಿಯಿಂದಲೋ ಬಂದವಳಿಗೆ ಬೇಗ ಅರ್ಥವಾಗುತ್ತದೆ. ಅವಳೂ ಆ ದಾರಿಯಲ್ಲೇ ನಡೆದವಳು.

ಈ ನೆಲದಲ್ಲಿ ನಮ್ಮವರ ಹೆಜ್ಜೆ ಹೊಸದೇನಲ್ಲ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಕೆಲಸ ಮಾಡಿದ ಅಖಿಲ ಭಾರತ ಮಹಿಳಾ ಸಮ್ಮೇಳನವೇ 1932ರಲ್ಲಿ ದೆಹಲಿಯಲ್ಲಿ ಹೆಣ್ಣುಮಕ್ಕಳಿಗಾಗಿ ಲೇಡಿ ಇರ್ವಿನ್ ಕಾಲೇಜು ತೆರೆಯಿತು. ವಿಭಜನೆಯ ನಂತರ ಅವರು ಫರೀದಾಬಾದಿನ ನಿರಾಶ್ರಿತರ ನಡುವೆ ದುಡಿದರು.

ತಾಯಿ ತಂದೆಯರಲ್ಲಿ ಒಂದು ಬೇಡಿಕೆ. ಮಗಳು ಬಸ್ತಿಗೆ ಹೋಗುತ್ತೇನೆ ಎಂದಾಗ ನಿಮಗೆ ಆಗುವ ಭಯ ನನಗೂ ಗೊತ್ತು, ನಾನೂ ತಾಯಿ. ಅವಳನ್ನು ತಡೆಯುವ ಮೊದಲು ಒಂದು ಸಲ ಜೊತೆಗೆ ಹೋಗಿ ಬನ್ನಿ. ಆ ಗಲ್ಲಿಯ ತಾಯಂದಿರು ನಿಮ್ಮ ಮಗಳನ್ನು ಹೇಗೆ ಕಾಯುತ್ತಾರೆ ಎಂದು ನೋಡಿ ಬನ್ನಿ. ಹುಟ್ಟುಹಬ್ಬದ ದಿನ ಕೇಕ್ ಹಂಚಿ ಫೋಟೋ ತೆಗೆಸಿಕೊಂಡು ಹೋಗುವವರಿಗೂ ಒಂದು ಮಾತು: ದಯವಿಟ್ಟು ಎರಡನೆಯ ಸಲ ಬನ್ನಿ, ಕ್ಯಾಮೆರಾ ಇಲ್ಲದೆ ಬನ್ನಿ, ಒಂದು ಮಗುವಿನ ಪಕ್ಕದಲ್ಲಿ ಕೂತು ಅದು ಓದುವುದನ್ನು ಕೊನೆಯ ಸಾಲಿನವರೆಗೂ ಕೇಳಿ.

ಒಳಗಿನ ಕೋಣೆಯಲ್ಲಿ ಮಕ್ಕಳು ಬರೆದ ಪುಸ್ತಕಗಳಿವೆ. ಮುಟ್ಟಬಾರದು ಎಂಬ ಫಲಕವನ್ನು ಎಲ್ಲಿಯೂ ಹಾಕಿಲ್ಲ. ಕೈಗೆತ್ತಿಕೊಳ್ಳಿ, ಪುಟ ತಿರುಗಿಸಿ. ಬರೆದವರು ಅಲ್ಲೇ ನಿಂತಿರುತ್ತಾರೆ, ಅರ್ಥವಾಗದಿದ್ದರೆ ಅವರನ್ನೇ ಕೇಳಿ. ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಬನ್ನಿ, ಒಳಗೆ ಹೋಗೋಣ.