ಕಲ್ಲು ಒಡೆಯುವಾಗ



ಸಿಂಧನೂರಿನ ಎರೆಭೂಮಿಯನ್ನು ಬಿಟ್ಟು ಲಿಂಗಸುಗೂರಿನ ಹಾದಿ ಹಿಡಿದ ಪ್ರಯಾಣಿಕನಿಗೆ ನಡುವೆ ಮಸ್ಕಿಯ ಬಂಡೆಗುಡ್ಡಗಳು ಎದುರಾಗುವುವು. ಅಶೋಕನ ಹೆಸರನ್ನು ಹೊತ್ತ ಶಾಸನವು ಅಲ್ಲಿ 1915ರಲ್ಲಿ ದೊರೆತುದನ್ನು ತಾವು ಬಲ್ಲಿರಿ. ಅದನ್ನು ಕಂಡ ಬೀಡನ್ ಎಂಬವರು ಶಾಸನವನ್ನು ಅರಸಿ ಬಂದವರಲ್ಲ. ಚಿನ್ನವನ್ನು ಅರಸಿ ಬಂದ ಎಂಜಿನಿಯರು. ಆ ಸೀಮೆಯ ಚಿನ್ನವಾದರೋ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಬೆಣಚುಕಲ್ಲಿನ ಎಳೆಗಳೊಳಗೆ ಹುದುಗಿದೆ. ಕಲ್ಲನ್ನು ಒಡೆಯದೆ ಚಿನ್ನವಿಲ್ಲ. ಹಾಗಾದರೆ ಕಲ್ಲು ಒಡೆಯುವಾಗ ನಡೆಯುವುದೇನು?

ಇದನ್ನರಿಯಲು ಗಣಿಗೆ ಇಳಿಯಬೇಕಾಗಿಲ್ಲ. ಈ ರಾತ್ರಿ ದೀಪವನ್ನಾರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕಾದು, ಒಂದು ತುಂಡು ಕಲ್ಲುಸಕ್ಕರೆಯನ್ನು ಅಡಕತ್ತರಿಯಲ್ಲಿ ಒಡೆದು ನೋಡಿ. ನಸುನೀಲಿಯ ಮಿನುಗೊಂದು ಕ್ಷಣಮಾತ್ರ ತೋರುವುದು. ಚಕಮಕಿಯ ಕಿಡಿ ಬೇರೆ. ಅದು ಉರಿಯುವ ಉಕ್ಕಿನ ಚೂರು. ಇಲ್ಲಿ ಏನೂ ಉರಿಯುವುದಿಲ್ಲ. ಹರಳು ಸೀಳಿದಾಗ ಒಂದು ಮೈಯಲ್ಲಿ ಧನವಿದ್ಯುತ್ತೂ ಎದುರಿನ ಮೈಯಲ್ಲಿ ಋಣವಿದ್ಯುತ್ತೂ ಉಳಿಯುವುವು. ಆ ಕಿರಿದಾದ ಬಿರುಕಿನಲ್ಲಿ ಎಲೆಕ್ಟ್ರಾನುಗಳು ಚಿಮ್ಮಿ ಗಾಳಿಯ ನೈಟ್ರೋಜನ್ನನ್ನು ತಾಕಲು ಬೆಳಕು ಹುಟ್ಟುವುದು. ಅದೊಂದು ಪುಟ್ಟ ಮಿಂಚು. ಗಾಳಿಯನ್ನು ತೆಗೆದರೆ ಎಲೆಕ್ಟ್ರಾನುಗಳ ವೇಗವು ಇನ್ನೂ ಹೆಚ್ಚುವುದು. 2008ರಲ್ಲಿ ಅಮೆರಿಕದ ವಿಜ್ಞಾನಿಗಳು ನಿರ್ವಾತದಲ್ಲಿ ಸಾಮಾನ್ಯವಾದ ಅಂಟುಪಟ್ಟಿಯನ್ನು ಸುಲಿದು, ಅದರಿಂದ ಹೊರಟ ಎಕ್ಸ್ ಕಿರಣಗಳಲ್ಲಿಯೇ ಬೆರಳಿನ ಮೂಳೆಯ ಚಿತ್ರವನ್ನು ತೆಗೆದರು!

ಇದು ವಿನೋದವೆಂದು ಬಿಟ್ಟುಬಿಡುವ ಸಂಗತಿಯಲ್ಲ. ಬೆಣಚುಕಲ್ಲು ಒಡೆದಾಗಲೂ ವಿದ್ಯುತ್ಕಣಗಳು ಚಿಮ್ಮುವುವು; ಹೊಸ ಮೈಯಲ್ಲಿ ಪರಮಾಣುಗಳ ಬಂಧಗಳು ಕಡಿದು ಜೊತೆಯಿಲ್ಲದೆ ನಿಲ್ಲುವುವು. ಕಾಲ ಕಳೆದಂತೆ ಈ ಉಗ್ರತೆ ತಗ್ಗುವುದು. ಆದಕಾರಣ ಆಗತಾನೆ ಒಡೆದ ಕಲ್ಲಿನ ಧೂಳು ಹಳೆಯ ಧೂಳಿಗಿಂತ ಶ್ವಾಸಕೋಶಕ್ಕೆ ಹೆಚ್ಚು ಕೇಡೆಂದು 1980ರ ದಶಕದ ಪ್ರಯೋಗಗಳು ತೋರಿಸಿದುವು. ಅದನ್ನು ಹೆಚ್ಚಾಗಿ ಉಸಿರಾಡುವವನು ಯಾರು? ಕೊರೆಯುವವನು, ಕುಟ್ಟುವವನು. ಅವನಿಗೆ ಬರುವ ಸಿಲಿಕೋಸಿಸ್ ರೋಗವು ನಮ್ಮ ದೇಶದಲ್ಲಿ ಮೊದಲು ವರದಿಯಾದುದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. ಅದನ್ನು ಗುಣಪಡಿಸುವ ಔಷಧವಿಲ್ಲ, ಬಾರದಂತೆ ತಡೆಯಬಹುದು. ನೀರು ಹಾಯಿಸಿ ಕೊರೆಯುವುದು, ಗಾಳಿಯಾಡುವಂತೆ ಮಾಡುವುದು, ತಕ್ಕ ಮುಖವಾಡವನ್ನು ಒದಗಿಸುವುದು, ಇವೇ ಉಪಾಯಗಳು. ಗಣಿಗೆ ಸಲ್ಲುವ ಈ ನಿಯಮವು ಊರ ಹೊರಗಣ ಜಲ್ಲಿಯಂತ್ರಕ್ಕೂ ಸಲ್ಲಬೇಡವೇ?

ಮಸ್ಕಿಯ ಶಾಸನವು ತನ್ನ ಮಾತನ್ನು ದೊಡ್ಡವರಿಗೂ ಚಿಕ್ಕವರಿಗೂ ತಿಳಿಸಬೇಕೆಂದು ವಿಧಿಸಿದೆ. ಕಲ್ಲೊಳಗಿನ ಮಿಂಚನ್ನು ಪುಸ್ತಕದಲ್ಲಿ ಓದಿದ ನಾವು ಕಲ್ಲನ್ನು ಒಡೆಯುವವನಿಗೆ ಇಷ್ಟನ್ನಾದರೂ ಅವನ ಮಾತಿನಲ್ಲಿ ತಿಳಿಸಿದೆವಾದರೆ, ಆ ಓದು ಸಾರ್ಥಕವಾಗುವುದು.