ಶಾಲೆಗೆ ಹೋಗುವ ಹರೆಯದ ಮಕ್ಕಳ ದಿನಚರಿ ಮತ್ತು ಮುಂದೆ ಕಾಡುವ ಕಾಯಿಲೆಗಳು

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯು ಇವೆಲ್ಲ ಪೇಟೆಯವರ ಕಾಯಿಲೆಗಳು, ಅದರಲ್ಲೂ ಕುಳಿತು ತಿನ್ನುವ ವಯಸ್ಸಾದವರ ಕಾಯಿಲೆಗಳು ಎಂಬ ಭಾವನೆ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. "ನಮ್ಮ ಹುಡುಗ ಕಡ್ಡಿಯ ಹಾಗಿದ್ದಾನೆ, ಅವನಿಗೆಲ್ಲಿಯ ಸಕ್ಕರೆ ಕಾಯಿಲೆ?" ಎಂದು ಕೇಳುವ ತಾಯಂದಿರು ಬಹಳ ಮಂದಿ. ಈ ಕಾಯಿಲೆಗಳು ಸಾಮಾನ್ಯವಾಗಿ ನಲವತ್ತು, ಐವತ್ತರ ಪ್ರಾಯದಲ್ಲಿ ಕಾಣಿಸಿಕೊಳ್ಳುವುದು ನಿಜ. ಆದರೆ ಅವುಗಳಿಗೆ ದಾರಿ ಮಾಡಿಕೊಡುವ ಅಭ್ಯಾಸಗಳು ಬೇರೂರುವುದು ಹದಿಮೂರರಿಂದ ಹದಿನೇಳರ ವಯಸ್ಸಿನಲ್ಲಿ, ಮಕ್ಕಳು ಪ್ರೌಢಶಾಲೆಗೆ ಹೋಗುತ್ತಿರುವಾಗ. ಪೈರಿಗೆ ಎಳೆಯದರಲ್ಲಿ ತಗಲಿದ ರೋಗ ತೆನೆ ಕಟ್ಟುವಾಗ ಕಣ್ಣಿಗೆ ಬೀಳುವುದು ರೈತರಿಗೆ ಹೊಸ ವಿಷಯವಲ್ಲ.

ಕೇಂದ್ರ ಸರ್ಕಾರವು 2016ರಿಂದ 2018ರವರೆಗೆ ದೇಶದಾದ್ಯಂತ ಮಕ್ಕಳ ಪೌಷ್ಟಿಕತೆಯ ಸಮಗ್ರ ಸಮೀಕ್ಷೆ ನಡೆಸಿತು. ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಶೇಕಡಾ 24ರಷ್ಟು ಮಂದಿ ಅತಿ ತೆಳ್ಳಗಿದ್ದರು. ಅತಿ ತೂಕದವರು ಶೇಕಡಾ 5 ಮಾತ್ರ. ಆದರೆ ರಕ್ತದಲ್ಲಿ ಸಕ್ಕರೆಯ ಅಂಶ ಏರಿ, ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಶೇಕಡಾ 10. ರಕ್ತದೊತ್ತಡ ಹೆಚ್ಚಾಗಿದ್ದವರು ಶೇಕಡಾ 5. ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೂರರಲ್ಲಿ ದಪ್ಪಗಿರುವವರು ಐವರು, ಸಕ್ಕರೆಯ ಅಂಶ ಏರಿದವರು ಹತ್ತು ಮಂದಿ. ಹಾಗಾದರೆ ಅವರಲ್ಲಿ ಕಡೇಪಕ್ಷ ಅರ್ಧದಷ್ಟು ಮಕ್ಕಳು ದಪ್ಪಗಿಲ್ಲ. ಕಡ್ಡಿಯ ಹಾಗಿರುವ ಹುಡುಗನಿಗೆ ಭಯವಿಲ್ಲವೆಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಇದಕ್ಕೆ ಕಾರಣದ ಸುಳಿವು ಸಿಕ್ಕ ಜಾಗಗಳಲ್ಲಿ ನಮ್ಮ ಮೈಸೂರೂ ಒಂದು. ಅಲ್ಲಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಹಿಂದಿನಿಂದಲೂ ಬರೆದಿಡುತ್ತಿದ್ದರು. 1934ರಿಂದ 1954ರೊಳಗೆ ಹುಟ್ಟಿದ 517 ಮಂದಿಯನ್ನು ಅವರು ನಡುವಯಸ್ಸಿಗೆ ಬಂದ ಮೇಲೆ ಪತ್ತೆಹಚ್ಚಿ ಪರೀಕ್ಷಿಸಲಾಯಿತು. ಹುಟ್ಟುವಾಗ ಸಣ್ಣಗಿದ್ದವರಲ್ಲಿಯೇ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚಾಗಿ ಕಂಡಿತು. ಈ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನಲ್ಲಿ ಮಾಂಸಖಂಡ ಕಡಿಮೆ. ತಿಂದ ಅನ್ನದ ಸಕ್ಕರೆಯನ್ನು ಬಹುಪಾಲು ಖರ್ಚು ಮಾಡುವುದು ಮಾಂಸಖಂಡವೇ. ಅಂಥ ಮಗು ಮುಂದೆ ಸಿಹಿ, ಎಣ್ಣೆಯ ಪದಾರ್ಥಗಳನ್ನು ತಿಂದು ಮೈ ಬಗ್ಗಿಸದೆ ಕುಳಿತರೆ, ಕೈಕಾಲು ತೆಳ್ಳಗೇ ಇದ್ದು ಕೊಬ್ಬು ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಆಗ ಮೇದೋಜೀರಕ ಗ್ರಂಥಿ ಒಸರುವ ಇನ್ಸುಲಿನ್ ಇದ್ದೂ ನಾಟುವುದಿಲ್ಲ. ಬಸಿರಿನಲ್ಲಿ ಅರೆಹೊಟ್ಟೆ ಉಂಡ ತಾಯಂದಿರು ಹಳ್ಳಿಗಳಲ್ಲಿ ಕಡಿಮೆಯೇನಿಲ್ಲ. ಆದ್ದರಿಂದ ಪೇಟೆಯ ಮಗುವಿಗಿಂತ ಹಳ್ಳಿಯ ಮಗುವಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು.

ಹತ್ತು ರೂಪಾಯಿಯ ತಿಂಡಿ

ಒಂಬತ್ತನೇ ತರಗತಿಯ ಹುಡುಗನೊಬ್ಬನ ದಿನವನ್ನು ಗಮನಿಸೋಣ. ತಾಯಿ ಐದು ಗಂಟೆಗೆ ಎದ್ದು ಕಸ, ಕೊಟ್ಟಿಗೆ ಮುಗಿಸಿ, ಹಾಲು ಕರೆದು ಡೇರಿಗೆ ಹಾಕಿ ಬರುವಷ್ಟರಲ್ಲಿ ಏಳೂವರೆ. ಎಂಟಕ್ಕೆ ಬಸ್ಸು. ತಿಂಡಿ ಆಗಿರುವುದಿಲ್ಲ. "ಅಲ್ಲೇ ಏನಾದರೂ ತಿನ್ನಪ್ಪಾ" ಎಂದು ಹತ್ತು ರೂಪಾಯಿ ಕೈಗಿಡುತ್ತಾಳೆ. ಇದು ತಾಯಿಯ ಅಲಕ್ಷ್ಯವಲ್ಲ, ಅವಳಿಗೆ ಎರಡೇ ಕೈ. ಆ ಹತ್ತು ರೂಪಾಯಿಗೆ ಶಾಲೆಯ ಎದುರಿನ ಅಂಗಡಿಯಲ್ಲಿ ಸಿಗುವುದು ಕುರುಕಲು ತಿಂಡಿಯ ಪೊಟ್ಟಣ, ಇಲ್ಲವೆ ಬಣ್ಣದ ಪಾನೀಯ. ಆಲೂಗಡ್ಡೆಯ ಚಿಪ್ಸ್‌ನಲ್ಲಿ ತೂಕದ ಸುಮಾರು ಮೂರನೇ ಒಂದು ಭಾಗ ಎಣ್ಣೆಯೇ. 250 ಮಿಲಿಲೀಟರಿನ ಸಿಹಿ ಪಾನೀಯದಲ್ಲಿ ಐದಾರು ಚಮಚ ಸಕ್ಕರೆ ಇರುತ್ತದೆ. ಮನೆಯ ಕಾಫಿಗೆ ಯಾರಾದರೂ ಅಷ್ಟು ಸಕ್ಕರೆ ಹಾಕಿದರೆ ಲೋಟವನ್ನೇ ದೂರ ತಳ್ಳುತ್ತೇವೆ!

ಉಪ್ಪಿನ ಲೆಕ್ಕ ಇನ್ನೂ ಗುಟ್ಟಿನದು. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಒಂದು ಸಣ್ಣ ಪೊಟ್ಟಣದ ದಿಢೀರ್ ನೂಡಲ್ಸ್‌ನಲ್ಲಿಯೇ ಹೆಚ್ಚುಕಡಿಮೆ 2 ಗ್ರಾಂ ಹೋಗುತ್ತದೆ. ಪೊಟ್ಟಣದ ಹಿಂದೆ ಉಪ್ಪು ಎಂದು ಬರೆಯದೆ ಸೋಡಿಯಂ ಎಂದು ಬರೆದಿರುತ್ತಾರೆ. 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು ಎಂದು ತಿಳಿಯಬೇಕು. ಈ ಲೆಕ್ಕವನ್ನು ಮಗನ ಕೈಯಲ್ಲೇ ಮಾಡಿಸುವುದು ಒಳ್ಳೆಯದು.

ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ಇಂಥ ತಿಂಡಿಗಳನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಇದನ್ನು ಎತ್ತಬಹುದು. ಅಂಗಡಿಯಾತನೂ ಊರಿನವನೇ, ಅವನ ಹೊಟ್ಟೆಪಾಡೂ ನಡೆಯಬೇಕು. ಬೇಯಿಸಿದ ಕಡಲೆಕಾಯಿ, ಹುರಿಗಡಲೆ, ಬಾಳೆಹಣ್ಣು, ಸೀಬೆಹಣ್ಣು ಇಡುವಂತೆ ಅವನನ್ನು ಒಪ್ಪಿಸುವುದು ಜಗಳಕ್ಕಿಂತ ಮೇಲು.

ಹುರಿಹಿಟ್ಟು

ಬೆಳಗಿನ ತಿಂಡಿಗೆ ವೇಳೆಯಿಲ್ಲದ ಮನೆಗೆ ಹಳೆಯ ಮೈಸೂರು ಸೀಮೆಯ ಹೆಂಗಸರು ಬಹಳ ಹಿಂದೆಯೇ ಉಪಾಯ ಕಂಡುಕೊಂಡಿದ್ದರು. ಅದೇ ರಾಗಿ ಹುರಿಹಿಟ್ಟು. ಒಲೆ ಹಚ್ಚಬೇಕಿಲ್ಲ, ಕಲಸಿದರೆ ಎರಡು ನಿಮಿಷದ ಕೆಲಸ. ಇಂದು ಇದು ಅಜ್ಜಿಯರ ಜೊತೆಗೆ ಮರೆಯಾಗುತ್ತಿದೆ, ಅಥವಾ ಬಣ್ಣದ ಡಬ್ಬಿಯಲ್ಲಿ ಹೆಚ್ಚು ಬೆಲೆಗೆ ಪೇಟೆಯಿಂದ ಹಿಂದಿರುಗುತ್ತಿದೆ.

ಮಾಡುವ ವಿಧಾನ ಹೀಗಿದೆ: ಕಲ್ಲು, ಹೊಟ್ಟು ತೆಗೆದ ಒಂದು ಕಿಲೋ ರಾಗಿಗೆ ನೀರು ಚಿಮುಕಿಸಿ, ಕಾಳುಗಳೆಲ್ಲ ಒಂದೇ ಸಮ ತೇವಗೊಳ್ಳುವಂತೆ ಕೈಯಾಡಿಸಿ, ಒದ್ದೆ ಬಟ್ಟೆ ಮುಚ್ಚಿ ರಾತ್ರಿಯೆಲ್ಲ ಬಿಡಬೇಕು. ಬೆಳಿಗ್ಗೆ ನೆರಳಿನಲ್ಲಿ ಹರಡಿ, ಕಾಳಿನ ಮೇಲಿನ ಪಸೆ ಆರಿದ ಕೂಡಲೇ ಚೆನ್ನಾಗಿ ಕಾದ ದಪ್ಪ ಬಾಣಲೆಗೆ ಒಂದೊಂದು ಹಿಡಿ ಹಾಕಿ ಹುರಿಯಬೇಕು. ತೇವ ಹೆಚ್ಚಾದರೆ ಕಾಳು ಅರಳುವುದಿಲ್ಲ, ಕಡಿಮೆಯಾದರೆ ಸೀಯುತ್ತದೆ. ಮೊದಲ ಸಲ ಸ್ವಲ್ಪ ಹಾಳಾದರೆ ಬೇಸರಪಡಬೇಕಿಲ್ಲ. ಅರಳಿದ ರಾಗಿಗೆ ಕಾಲು ಕಿಲೋ ಹುರಿಗಡಲೆ ಸೇರಿಸಿ ಬೀಸಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಬೇಕು. ತಿಂಗಳುಗಟ್ಟಲೆ ಇಟ್ಟರೆ ಕಮಟು ವಾಸನೆ ಬರುವುದರಿಂದ ಎರಡು ಮೂರು ವಾರಕ್ಕೆ ಸಾಕಾಗುವಷ್ಟು ಮಾತ್ರ ಮಾಡಿಕೊಳ್ಳುವುದು ಹಿತ. ಹಾಲಿಗೆ ಕಲಸಿ ಒಂದು ಚೂರು ಬೆಲ್ಲ ಹಾಕಬಹುದು, ಇಲ್ಲವೆ ಮಜ್ಜಿಗೆಗೆ ಕಲಸಬಹುದು. ಮೇಲೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. ಬೆಲ್ಲವೂ ಸಕ್ಕರೆಯ ಅಣ್ಣತಮ್ಮನೇ ಎಂಬುದನ್ನು ಮರೆಯಬಾರದು. ಜೋಳದ ಸೀಮೆಯ ತಾಯಂದಿರು ರಾತ್ರಿಯ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಕೊಟ್ಟರೂ ಇದೇ ಪ್ರಯೋಜನವಿದೆ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು. ನಾರಿನ ಅಂಶವೂ ರಾಗಿಯಲ್ಲಿ ಅಕ್ಕಿಯ ಮೂರು ಪಟ್ಟಿಗೆ ಕಡಿಮೆಯಿಲ್ಲ. ಹೊಲದಲ್ಲಿ ರಾಗಿ, ಅವರೆ, ಕಡಲೆಕಾಯಿ ಬೆಳೆದು ಎಲ್ಲವನ್ನೂ ಮಾರಿ, ಅದೇ ದುಡ್ಡಿನಲ್ಲಿ ಪೊಟ್ಟಣ ಕೊಳ್ಳುವ ಕ್ರಮ ಲಾಭದ್ದಲ್ಲ. ವರ್ಷದ ತಿಂಡಿಗೆ ಬೇಕಾದಷ್ಟನ್ನು ಕಣದಲ್ಲೇ ಬೇರೆ ಅಳೆದಿಡಬೇಕು.

ಆಟ, ನಿದ್ದೆ, ತಂಬಾಕು

ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಬೆವರು ಬರುವಂತೆ ಮೈ ದಣಿಸಬೇಕು. 2016ರ ಅಂಕಿಅಂಶಗಳ ಪ್ರಕಾರ ಭಾರತದ ಶಾಲಾ ಮಕ್ಕಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ಇಷ್ಟನ್ನೂ ಮಾಡುತ್ತಿರಲಿಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ ಎಷ್ಟೋ ಮಕ್ಕಳು ಅದನ್ನು ತುಳಿದೇ ಶಾಲೆಗೆ ಹೋದರು. ಅನಂತರ ಬಸ್ಸು, ವ್ಯಾನು, ಅಪ್ಪನ ಬೈಕು ಬಂದವು, ಸೈಕಲ್ಲು ಹುಲ್ಲಿನ ಹೊರೆ ಹೊರುವುದಕ್ಕಾಯಿತು. ಹತ್ತನೇ ತರಗತಿಗೆ ಬಂದರಂತೂ ಆಟದ ಪಿರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವುದು ರೂಢಿ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮೈನೆರೆದ ದಿನದಿಂದ ಅವರ ಓಟ, ಆಟ ನಿಂತೇಹೋಗುತ್ತದೆ. ಮನೆಗೆಲಸ ಇದೆಯಲ್ಲ ಎನ್ನಬಹುದು, ಆದರೆ ಪಾತ್ರೆ ತೊಳೆಯುವುದು ಓಟದ ಬದಲಿಗೆ ಆಗುವುದಿಲ್ಲ. ಹುಡುಗಿಯರು ಸಂಜೆ ಅಂಗಳದಲ್ಲಿ ಹಗ್ಗ ಜಿಗಿಯುವುದಕ್ಕೆ ಊರಿನವರ ಅಪ್ಪಣೆ ಬೇಕಾಗಿಲ್ಲ.

ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ರಾತ್ರಿ ಒಂಬತ್ತೂವರೆಯ ಮೇಲೆ ಮನೆಯ ಫೋನುಗಳೆಲ್ಲ ದೊಡ್ಡವರದೂ ಸೇರಿ ಒಂದೇ ಗೂಡಿನಲ್ಲಿರಲಿ.

ತಂಬಾಕಿನ ಮಾತು ಬೆಳೆಯುವವರ ಸಭೆಯಲ್ಲಿ ಕಹಿಯಾದರೂ ಆಡಲೇಬೇಕು. 2019ರ ಸಮೀಕ್ಷೆಯಲ್ಲಿ ದೇಶದ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ಶೇಕಡಾ 8.5ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು. 2003ರ ಕೇಂದ್ರ ಕಾಯಿದೆ ಶಾಲೆಗಳ ಬಳಿ ಅದರ ಮಾರಾಟವನ್ನು ನಿಷೇಧಿಸಿತು. ಕೊಳ್ಳುವ ವಯಸ್ಸನ್ನು ಕರ್ನಾಟಕ 2025ರಲ್ಲಿ 18ರಿಂದ 21ಕ್ಕೆ ಏರಿಸಿತು. ಆದರೂ "ಓಡಿಹೋಗಿ ಒಂದು ಕಟ್ಟು ಬೀಡಿ ತಾ" ಎಂದು ಮಗನನ್ನು ಕಳುಹಿಸುವ ತಂದೆಯ ಮುಂದೆ ಕಾಯಿದೆ ಏನು ಮಾಡೀತು? ತಂಬಾಕಿಲ್ಲದ ಅಡಿಕೆಯೂ ನಿರಪಾಯವಲ್ಲ. ಅಡಿಕೆ ಅಗಿಯುವುದು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ತಜ್ಞರು ತೀರ್ಮಾನಿಸಿದ್ದಾರೆ. ತೋಟವನ್ನು ಕಡಿಯಿರೆಂದು ಯಾರೂ ಹೇಳುತ್ತಿಲ್ಲ, ಮಗುವಿನ ಬಾಯಿಗೆ ಅದು ಬೀಳದಿರಲಿ ಎಂಬುದಷ್ಟೇ ಮಾತು.

ಕೊನೆಯದಾಗಿ ತಾಯಂದಿರು ಗಮನಿಸಬೇಕಾದ ಒಂದು ಗುರುತು ಇದೆ. ಕೆಲವು ಮಕ್ಕಳ ಕುತ್ತಿಗೆಯ ಹಿಂಭಾಗ, ಕಂಕುಳಿನ ಚರ್ಮ ಕಪ್ಪಾಗಿ, ದಪ್ಪವಾಗಿ ಮಖಮಲ್ಲಿನಂತಾಗುತ್ತದೆ. ಕೊಳೆಯೆಂದು ತಿಳಿದು ಕಲ್ಲಿನಿಂದ ತಿಕ್ಕಿ, ಸ್ನಾನ ಸರಿಯಾಗಿ ಮಾಡುವುದಿಲ್ಲವೆಂದು ಮಗುವನ್ನು ಬೈಯುವುದುಂಟು. ಬಹುಮಟ್ಟಿಗೆ ಅದು ಇನ್ಸುಲಿನ್ ನಾಟದಿರುವುದರ ಗುರುತು, ತಿಕ್ಕಿದರೆ ಹೋಗುವುದಿಲ್ಲ. ಅಂಥ ಮಗುವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ತೂಕ, ರಕ್ತದೊತ್ತಡ, ರಕ್ತದ ಸಕ್ಕರೆ ಮೂರನ್ನೂ ನೋಡಿಸಬೇಕು. ಮಗು ಮೇಲಿಂದ ಮೇಲೆ ನೀರು ಕುಡಿದು, ಮೂತ್ರಕ್ಕೆ ಎದ್ದು, ಕೆಲವೇ ವಾರಗಳಲ್ಲಿ ಇಳಿದುಹೋದರೆ ಮಾತ್ರ ಸಂತೆಯ ದಿನಕ್ಕೆಂದು ಕಾಯದೆ ಅಂದೇ ಹೊರಡಬೇಕು.